ಪೀಸಿಗೆ ಎಷ್ಟು

ನಾಲ್ಕು ಪುಟದ ಫಾರಂ. ನೋವು ನೋವಿನ ನಡುವೆ
ಸಿಗುವ ಬಿಡುವು ಐದು ನಿಮಿಷ, ಆಮೇಲೆ ನಾಲ್ಕು, ಆಮೇಲೆ ಮೂರು.
ಬಿಡುವಿಗೊಂದು ಪುಟ ಓದುವುದನ್ನು
ಮಂಡ್ಯದ ಈ ಹೆರಿಗೆ ವಾರ್ಡಿನಲ್ಲಿ ಕಲಿತಿದ್ದೇನೆ.
ನೋವು ಬಂದಾಗ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತೇನೆ,
ಹೋದ ಮೇಲೆ ಅಲ್ಲಿಂದಲೇ ಮುಂದಕ್ಕೆ.

"ಸ್ವ-ಇಚ್ಛೆಯಿಂದ" ಎಂದು ಬರೆದಿದೆ.
ನಾನು "ನಿನ್ನ ಮನಸ್ಸಿಗೆ ಬಂದರೆ" ಅನ್ನುತ್ತೇನೆ.
"ದಾನಿ" ಎಂದು ಬರೆದಿದೆ. ಅದನ್ನು ಹಾಗೇ ಓದುತ್ತೇನೆ,
ಸುಲಿದು ಕೊಡಲು ಬೇರೆ ಮಾತು ಸಿಕ್ಕಿಲ್ಲ.
ಹೊಕ್ಕುಳಬಳ್ಳಿ ಎಂದರೇನೆಂದು
ಇಲ್ಲಿ ಯಾರಿಗೂ ತಿಳಿಸಬೇಕಿಲ್ಲ.

ಆರನೇ ಬೆಡ್ಡು. ರಂಜಿತಾ, ಇಪ್ಪತ್ತಾರು, ಎರಡನೇ ಹೆರಿಗೆ.
ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಎರಡನೇ ಪುಟದಲ್ಲಿ ನನ್ನ ಕೈ ತಡೆದಳು:
"ಅಕ್ಕಾ, ಪೀಸಿಗೆಸ್ಟು?"

ದುಡ್ಡಿಲ್ಲವಮ್ಮ. ಮಾರಿದ ಹಾಗಾಗುತ್ತೆ, ನಿಯಮ ಒಪ್ಪಲ್ಲ.
ಬಸ್ ಚಾರ್ಜು ಇನ್ನೂರು, ಕೂಸಿಗೊಂದು ಟವೆಲು,
ಅದು ಮೂರನೇ ಪುಟ, ಬರ್ತೀನಿ ಇರು.

"ಅವ್ರು ಮಾರ್ತಾರಾ?"

ಅಷ್ಟರಲ್ಲಿ ನೋವು. ಅವಳು ಮಂಚದ ಕಂಬಿ ಹಿಡಿದಳು,
ನಾನು ಸಾಲು ಹಿಡಿದೆ.
"ಮುಂದೆ ವಾಣಿಜ್ಯ ಲಾಭ ಬಂದಲ್ಲಿ
ದಾನಿಗೆ ಅದರಲ್ಲಿ ಪಾಲಿರುವುದಿಲ್ಲ."
ಒಂದು ಇಡೀ ನೋವಿನುದ್ದಕ್ಕೂ ಆ ಸಾಲು
ನನ್ನ ಬೆರಳಡಿಯಲ್ಲಿ ಬೆವರಿತು.

ಅತ್ತೆ ಕೆಂಪಾಜಮ್ಮ, ಬಾಗಿಲಲ್ಲಿ, ಕೈಯಲ್ಲಿ ಫ್ಲಾಸ್ಕು:
"ಸೈನ್ ಆಕವ್ವ ಅತ್ಲಾಗೆ, ಕಸ ತಾನೆ.
ನಮ್ ಕಾಲ್ದಲ್ಲಿ ಇತ್ತಲಲ್ಲಿ ಊತಾಕ್ತಿದ್ದೊ,
ನಾಯಿ ಎಳೀದಂಗೆ ಮೇಲೊಂದು ಕಲ್ಲು."

ಕಸ. ಮಾಸಿಗೂ ಅದೇ ಮಾತು, ಗುಡಿಸಿದ್ದಕ್ಕೂ ಅದೇ.
ಫಾರಂ ಬರೆದವರಿಗೆ ಈ ಅನುಕೂಲ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು.
ಅವಸರದ ದಿನಗಳಲ್ಲಿ ಬಳಸಿದ್ದೇನೆ:
ಹೆಂಗಿದ್ರೂ ಬಿಸಾಕೋದು ತಾನೆ ಅಮ್ಮ.
ಕಸದ ಮೇಲೆ ಕಲ್ಲು ಯಾಕಿಡುತ್ತಿದ್ದರು ಎಂದು
ಯಾರೂ ಯಾರನ್ನೂ ಕೇಳಿದ್ದಿಲ್ಲ.

ಬಿಡುವು. ಮೂರೇ ನಿಮಿಷ.
"ನಿಂಗೆಸ್ಟು ಕೊಡ್ತಾರಕ್ಕ, ಒಂದ್ ಸೈನಿಗೆ?"

ಈ ಪ್ರಶ್ನೆ ಫಾರಮ್ಮಿನಲ್ಲಿಲ್ಲ.
ನೂರಿಪ್ಪತ್ತು, ಅಂದೆ.
ನಕ್ಕಳು, ಹಲ್ಲು ಕಚ್ಚುವ ಮೊದಲಿನ ಚೂರು ನಗು:
"ಚೆನ್ನಾಗದೆ ನಿನ್ ರೇಟು.
ನೋವು ಬುಡ್ಲಿ. ಆಮೇಕ್ ಕೇಳು."

ನೋವು ಬಿಡುವ ಹೊತ್ತಿಗೆ ಬಳ್ಳಿಯನ್ನೂ ಬಿಡಿಸಿರುತ್ತಾರೆ,
ಐಸಿನ ಡಬ್ಬಿ ಹೊತ್ತ ವ್ಯಾನು ನಾಲ್ಕಕ್ಕೆ ಹೊರಡುತ್ತದೆ.
ಹೇಳಲಿಲ್ಲ ನಾನು. ಅವಳನ್ನು ಒಳಗೆ ಕರೆದೊಯ್ದರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಹೆಣ್ಣು ಕೂಸು.
ಸ್ಟೀಲ್ ಟ್ರೇಯಲ್ಲಿ ಅದು: ತಿರುಚಿದ, ನೀಲಿ ಹೊಳಪಿನ,
ಒಂದು ಮೊಳಕ್ಕೂ ತುಸು ಹೆಚ್ಚು.
"ತೋರ್ಸಿ ಅದನ್ನ" ಅಂದಳು.
ಇಷ್ಟು ವರ್ಷದಲ್ಲಿ ನೋಡಬೇಕೆಂದವರಿಲ್ಲ,
ಸಿಸ್ಟರ್ ನನ್ನ ಮುಖ ನೋಡಿದರು.
ಟ್ರೇ ಹತ್ತಿರ ಬಂತು. ತೋರುಬೆರಳಿನಿಂದ ನಿಧಾನ ಸವರಿದಳು,
ಕಾಲರಿನ ಅಂಚಲ್ಲಿ ಬಿಟ್ಟ ಹೊಲಿಗೆ ಹುಡುಕುವವಳ ಹಾಗೆ.
ಎಲ್ಲೂ ಬಿಟ್ಟಿರಲಿಲ್ಲ.

"ಕೊಡು ಫಾರಮ್ಮ. ನಾನೇ ಓದ್ತೀನಿ."

ಕೂಸು ಎದೆಯ ಮೇಲೆ, ಕಾಗದ ಕೂಸಿನ ಬೆನ್ನಿಗೊರಗಿಸಿ
ಒಂದೊಂದೇ ಅಕ್ಷರ ಕೂಡಿಸುತ್ತ ಓದಿದಳು.
ನನ್ನ ಕೈಯಲ್ಲಿ ಪೆನ್ನು, ಕ್ಯಾಪ್ ತೆಗೆದಿರಲಿಲ್ಲ.
ಕೆಳಗೆ ವ್ಯಾನಿನವನು ಹಾರನ್ ಒತ್ತಿದ, ಮತ್ತೊಮ್ಮೆ ಒತ್ತಿದ.
ಅವಳಿನ್ನೂ ಎರಡನೇ ಪುಟದಲ್ಲಿದ್ದಳು.