ಎಣ್ಣೆ ಸೋರದಿದ್ದರೆ ಹೆದರು

ರಾಸ್ ಅಲ್ ಖೈಮಾದ ಹಳೇ ಏರ್‌ಸ್ಟ್ರಿಪ್ಪಿನಲ್ಲಿ
ನಸುಕಿನ ನಾಲ್ಕೂವರೆಗೇ ಅಂಗಿ ಬೆನ್ನಿಗಂಟಿದೆ.
ನಾನು ಮೊದಲು ನೋಡುವುದು ಆಕಾಶವನ್ನಲ್ಲ,
ವಿಮಾನದ ಹೊಟ್ಟೆಯಡಿಗಿಟ್ಟ ತಗಡಿನ ಟ್ರೇಯನ್ನು.
ರಾತ್ರಿಯಿಡೀ ಸೋರಿದ್ದು ಒಂದೂವರೆ ಲೀಟರು.
ಒಳ್ಳೆಯದಾಯಿತು.
ಸೋರದಿದ್ದ ದಿನ ಹೆದರು, ಎನ್ನುತ್ತಿದ್ದ ಮುದುಕ ಟ್ರಸ್ಕಾಟ್,
ಒಳಗೇ ಇಲ್ಲ ಅಂತ ಲೆಕ್ಕ.

ಅವನು ಹೋಗಿ ಎರಡು ವರ್ಷ. ಈಗ ಮಗಳು ಹಾರಿಸುತ್ತಾಳೆ.

ಐದೆಲೆಯ ಪ್ರೊಪೆಲ್ಲರು ಕೈಯಲ್ಲೇ ತಿರುಗಬೇಕು ಮೊದಲು.
ದಾದ್ ರಹೀಮ್ ಬಲೂಚಿಯಲ್ಲಿ ಎಣಿಸುತ್ತಾನೆ,
ನಾನು ಒಂಜಿ, ರಡ್ಡ್, ಮೂಜಿ;
ಹದಿನೈದಕ್ಕೆ ಇಬ್ಬರೂ ಒಟ್ಟಿಗೇ ನಿಲ್ಲುತ್ತೇವೆ.
ಕೆಳಗಿನ ಸಿಲಿಂಡರುಗಳಲ್ಲಿ ಎಣ್ಣೆ ಇಳಿದು ಕೂತಿರುತ್ತದೆ.
ಎಲೆ ಬಿಗಿಯಾಯಿತೋ, ಬಲ ಹಾಕಬಾರದು,
ಪ್ಲಗ್ಗು ಬಿಚ್ಚಿ ಸುಮ್ಮನೆ ಕಾಯಬೇಕು.

ಉಳಿದವು ಎಡಕ್ಕೆ ಎಳೆದರೆ ಇದು ಬಲಕ್ಕೆ.
ಮೂಗು ಮೇಲೆ, ಎದುರಿಗಿರುವುದೇನೂ ಕಾಣದು,
ಅದಕ್ಕೇ ರನ್‌ವೇವರೆಗೂ
ಶೇಂದಿ ಕುಡಿದವನ ಹಾಗೆ ಸೊಟ್ಟಸೊಟ್ಟ ನಡಿಗೆ.
ಚಾಲೂ ಆಗಲು ತೋಟಾ ಸಿಡಿಯಬೇಕು. ಇರುವುದು ಐದು.
ನಾಲ್ಕು ತಿಂದು ಬರೀ ಕೆಮ್ಮುತ್ತದೆ,
ಐದನೆಯದಕ್ಕೆ
ಹದಿನೆಂಟೂ ಸಿಲಿಂಡರು ಒಮ್ಮೆಗೇ ನೆನಪಾದಂತೆ ಎದ್ದು
ನನ್ನ ಟೋಪಿ ಬೇಲಿಯಾಚೆ.

ರೆಕ್ಕೆ ಮಡಚುತ್ತದೆ ಇದು, ಯುದ್ಧದ ಹಡಗಿನಲ್ಲಿ ಹಿಡಿಸಲಿಕ್ಕೆ.
ಹಡಗು ಯಾವಾಗಲೋ ಗುಜರಿಗೆ ಹೋಯಿತು.
ನಾನೂ ಮಲ್ಪೆಯ ಬೋಟಿನ ಎಂಜಿನ್ನು ಬಿಚ್ಚಿ ಕಲಿತವನು.
ಮರಳಲ್ಲಿ ಕೂತು ಇಬ್ಬರೂ
ಉಪ್ಪುಗಾಳಿ ಬೀಸಿದಾಗ ಒಂದಿಷ್ಟು ತುಕ್ಕು ಹಿಡಿಯುತ್ತೇವೆ,
ಅಷ್ಟೇ ನಂಟು.

ಆರಕ್ಕೆ ಬಾವುಟ ಬಿತ್ತು.
ಉಪ್ಪುನೆಲದ ಮೇಲೆ ಕಿತ್ತಳೆ ಬಳಿದ ಡ್ರಮ್ಮುಗಳ ಆರು ಕಂಬ,
ಎಂಟು ಸುತ್ತು,
ಖರ್ಜೂರದ ತಲೆ ಸವರುವಷ್ಟೇ ಎತ್ತರ.
ಮುಂದೆ ರೆಕ್ಕೆ ಕತ್ತರಿಸಿಕೊಂಡ ಮಸ್ಟಾಂಗು,
ಅದರ ಬಾಲಕ್ಕೆ ನಮ್ಮದು.
ಸದ್ದು ಕಿವಿಗಲ್ಲ, ಮೊದಲು ಹಲ್ಲಿಗೆ ಬರುತ್ತದೆ.
ಟೈಮು ಬರೆಯುವ ಹುಡುಗ ಹುಮೈದ್
ಪೆನ್ಸಿಲ್ಲು ಕಚ್ಚಿ ನಗುತ್ತಿದ್ದಾನೆ.

ಐದನೆಯ ಸುತ್ತು.
ಅನ್ನದಲ್ಲಿ ಕಲ್ಲು ಸಿಕ್ಕಿತು.
ಅಷ್ಟು ಚಿಕ್ಕದು. ಯಾರೂ ತಿರುಗಲಿಲ್ಲ.
ದಾದ್ ರಹೀಮ್ ಮಾತ್ರ ನನ್ನ ಕಡೆ ನೋಡಿದ,
ನಾನು ನೆಲ ನೋಡಿದೆ.
ರೇಡಿಯೋ ಇರುವುದು ನಮ್ಮ ಕೈಯಲ್ಲಲ್ಲ.

ಇಮೋಜೆನಳಿಗೂ ಕೇಳಿಸಿರಬೇಕು, ಅಪ್ಪನ ಕಿವಿ.
ಕಂಬ ಬಿಟ್ಟು ನೆಟ್ಟಗೆ ಮೇಲಕ್ಕೆ ಹೋದಳು.
ಎಡಚಕ್ರ ಇಳಿಯಿತು.
ಬಲದ್ದು, ಯಾವತ್ತಿನಂತೆ, ಸ್ವಲ್ಪ ಯೋಚನೆ ಮಾಡಿತು.
ಎಷ್ಟು ಹೊತ್ತು? ಗಡಿಯಾರದಲ್ಲಿ ಆರು ಸೆಕೆಂಡಂತೆ,
ಹುಮೈದ್ ಆಮೇಲೆ ಹೇಳಿದ.

ಜನ ಮಸ್ಟಾಂಗಿನ ಕಡೆ ಓಡಿದರು.
ಇವಳು ಹೆಲ್ಮೆಟ್ಟು ತೆಗೆದು, ಏನು ಕೂಂಡಾ, ಎಂದಳು.
ಕುಂದರ್ ಎನ್ನಲು ಇಬ್ಬರಿಗೂ ಬಾರದು, ಅಪ್ಪನಿಗೂ ಬರಲಿಲ್ಲ.
ಮೂಗಿನಿಂದ ಬಾಲದವರೆಗೆ ಹೊಟ್ಟೆಯೆಲ್ಲ ಕಪ್ಪು, ಬಿಸಿ.
ನಾನು ಉತ್ತರ ಕೊಡದೆ
ಟ್ರೇ ತಂದು ಅದೇ ಜಾಗಕ್ಕೆ ತಳ್ಳಿದೆ.

ದಾದ್ ರಹೀಮ್ ಮೂರು ಲೋಟ ಸುಲೈಮಾನಿ ತಂದ.
ಕುಡಿದು ಮುಗಿಸುವವರೆಗೂ
ತಗಡಿನ ಮೇಲೆ ಒಂದು ಹನಿ
ಬೀಳಲಿಲ್ಲ.