ಮೂವತ್ತೇಳನೆಯ ಕುರ್ಚಿ

ಈ ಪುರಭವನದ ಬೀಗ ತೆಗೆಯುವವನು ನಾನು, ಹಾಕುವವನೂ ನಾನೇ.
ಇಪ್ಪತ್ತೆರಡು ವರ್ಷ. ಒಬ್ಬರಾದ ಮೇಲೊಬ್ಬ ಮೇಯರುಗಳ
ಕೊರಳ ಸರಕ್ಕೆ ಪಾಲಿಶ್ ತಿಕ್ಕಿದ ಕೈ ಇದು.
ಒಂದು ಕುರ್ಚಿ ಎಲ್ಲಿಡಬೇಕೆಂದು ತೋಚದೆ ಹೋದದ್ದು ಮಾತ್ರ
ಈ ಮೇ ತಿಂಗಳಲ್ಲೇ ಮೊದಲು.

ಎಡಕ್ಕೆ ಹದಿನೆಂಟು, ಬಲಕ್ಕೆ ಹದಿನೆಂಟು,
ನಡುವೆ ಕೆಂಪು ಜಮಖಾನ. ಅದನ್ನು ಯಾರೂ ದಾಟುವುದಿಲ್ಲ,
ಚಹಕ್ಕೆ ಹೋಗುವಾಗಲೂ ಬೇರೆ ಬೇರೆ ಬಾಗಿಲು.
ಒಂಬತ್ತೇ ಒಂಬತ್ತು ಮತದಲ್ಲಿ ಗೆದ್ದ ಬೆರಿಲ್ ಆಕ್ಸ್‌ಟಬಿ
ಹೊಸ್ತಿಲಲ್ಲಿ ನಿಂತು, ಒದ್ದೆ ಕೋಟು ಕೈಯಲ್ಲಿ ಹಿಡಿದು ಕೇಳಿದಳು:
"ನಾನೆಲ್ಲಿ ಕೂರಲಿ, ಡೆಸ್ಮಂಡ್?"
ಇಪ್ಪತ್ತಾರು ವರ್ಷ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ
"ಒಳಗೆ ಸರೀರಿ, ಹಿಂದೆ ಜಾಗ ಇದೆ" ಎನ್ನುತ್ತಿದ್ದ ಅದೇ ದನಿ.

ಉಗ್ರಾಣದಿಂದ ಒಂದು ಕುರ್ಚಿ ತಂದೆ. ಕಾಲೊಂದು ಗಿಡ್ಡ.
ಹಳೆಯ ಕಾರ್ಯಸೂಚಿ ಮಡಚಿ ಅಡಿಗಿಟ್ಟು
ಗೋಡೆಯ ಹೀಟರಿಗೆ ತಾಗಿಸಿ ಹಾಕಿದೆ,
ಪಕ್ಷವಿಲ್ಲದವಳಿಗೆ ಬೆಚ್ಚನೆಯ ಪಕ್ಕವಾದರೂ ಇರಲಿ ಎಂದು.

ಗುರುತಿನ ಚೀಟಿಯ ಫೋಟೋದಲ್ಲಿ ಅವಳ ಕಣ್ಣು ಮುಚ್ಚಿವೆ.
ಬೇರೆ ತೆಗೆಸಲು ಪುರುಸೊತ್ತಿಲ್ಲ. ಫೋನು, ಫೋನು.
ಸಾಲ್ಟ್‌ಪ್ಯಾನ್ ಬೀದಿಯ ದೀಪದ ಕಂಬ ನಾಲ್ಕು ನಾಲ್ಕು ಒಂದು ಏಳು,
ರಾತ್ರಿ ಪಾಳಿ ಮುಗಿಸಿ ಬರುವ ದನೂತಾ
ಕೀಲಿಕೈ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ನಡೆಯುವ ಗಲ್ಲಿ ಅದು.
ಕಡಲಕಾಗೆ ಹರಿದ ಕಸದ ಚೀಲ. ಹೂತಿಟ್ಟ ಬೆಕ್ಕಿನ ಮೇಲೆ
ನೆರೆಯವನು ಕಟ್ಟಿಸುತ್ತಿರುವ ಗ್ಯಾರೇಜು.
"ನಿನಗೆ ಓಟು ಹಾಕಿಲ್ಲ ನಾನು" ಅಂತಲೇ ಶುರು ಮಾಡುವ ಮುದುಕ ಕ್ಲೆಗ್.
"ಇರಲಿ ಬಿಡಿ, ಟಿಕೆಟ್ ಇಲ್ಲದವರನ್ನೂ
ಮಳೆಯಲ್ಲಿ ಇಳಿಸಿದವಳಲ್ಲ ನಾನು" ಎಂದಳಂತೆ.
ಎಲ್ಲ ಬರೆದುಕೊಳ್ಳುತ್ತಾಳೆ, ಬಸ್ ಕಂಪನಿಯ ಹಳೇ ಡೈರಿಯಲ್ಲಿ.

ಎಡದ ನಾಯಕ ಶುಂಠಿ ಬಿಸ್ಕತ್ತು ತಂದ.
ಬಲದ ನಾಯಕಿ ತನ್ನ ನಾಯಿಮರಿಯ ಫೋಟೋ ತೋರಿಸಿದಳು.
ಬೆರಿಲ್ ಬಿಸ್ಕತ್ತು ತಿಂದಳು, ನಾಯಿಯನ್ನು ಹೊಗಳಿದಳು, ಅಷ್ಟೇ.
ಹೀಗೇ ಒಂದು ಪಕ್ಷ ಕಳೆಯಿತು.
ಅವಳಿಗೆ ದಕ್ಕಿದ ಪಕ್ಷ ಅದೊಂದೇ, ಹದಿನೈದು ದಿನದ್ದು.

ಮೂರನೇ ವಾರ, ಗುರುವಾರ, ಐಟಂ ಹನ್ನೊಂದು:
ರಾತ್ರಿ ಒಂಬತ್ತರ ಮೇಲಿನ ಬಸ್ಸು ಉಳಿಯಬೇಕೇ, ಬೇಡವೇ.
ಅವಳದೇ ಬಸ್ಸು. ಆ ದಾರಿಯ ಒಂದೊಂದು ಗುಂಡಿಗೂ ಅವಳ ಬೆನ್ನು ಸಾಕ್ಷಿ.
ನಾನು ಬಾಗಿಲ ಬಳಿ ನೀರಿನ ಹೂಜಿ ಹಿಡಿದು ನಿಂತಿದ್ದೆ.
"ಪರವಾಗಿರುವವರು?" ಎಡದ ಕೈಗಳೆಲ್ಲ ಎದ್ದವು.
ಬೆರಿಲ್ ತಿದ್ದುಪಡಿಯ ಹಾಳೆ ಹುಡುಕುತ್ತಿದ್ದಳು,
ಕನ್ನಡಕ ತಲೆಯ ಮೇಲೆಯೇ ಇತ್ತು.
ಅವಳ ಕೈ ಮೇಲೇಳುವಷ್ಟರಲ್ಲಿ
"ವಿರೋಧ?" ಎಂದಾಗಿತ್ತು.
ಹದಿನೆಂಟು, ಹದಿನೆಂಟು. ಮೇಯರರ ನಿರ್ಣಾಯಕ ಮತ.
ಬಸ್ಸು ಹೋಯಿತು.

ಅವಳು ಎದ್ದು ನಿಂತಳು, ಕುರ್ಚಿ ಕುಂಟಿತು.
"ತಪ್ಪು ನನ್ನದು. ನಡಾವಳಿಯಲ್ಲಿ ದಾಖಲಿಸಿ."
ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.
ಕಾರ್ಯದರ್ಶಿ ನಿಯಮದ ಪುಸ್ತಕ ತಿರುವಿ, ತಿರುವಿ,
"ಅದಕ್ಕೆ ಅವಕಾಶವಿಲ್ಲ, ಮೇಡಂ" ಎಂದ.

ದೀಪ ಆರಿಸಲು ಹೋದಾಗ ಇನ್ನೂ ಅಲ್ಲೇ ಇದ್ದಳು,
ನಿಯಮದ ಪುಸ್ತಕ ಮಂಡಿಯ ಮೇಲೆ, ಮೊದಲ ಪುಟ.
"ಕೊನೆಯ ಬಸ್ಸು ಎಂಟೂ ಐವತ್ತಕ್ಕೆ ಅಂತಾದರೆ
ದನೂತಾ ಹೇಗೆ ಬರುತ್ತಾಳೆ ಡೆಸ್ಮಂಡ್?"
ನನಗೇನು ಗೊತ್ತು. ಬೀಗ ಹಾಕುವವನು ನಾನು.

ಅವಳು ನಡೆದೇ ಹೋದಳು, ಸಾಲ್ಟ್‌ಪ್ಯಾನ್ ಬೀದಿಯ ಕಡೆಗೆ,
ಕೈಯಲ್ಲಿ ನನ್ನ ಟಾರ್ಚು. ವಾಪಸು ಕೊಡುತ್ತೇನೆಂದಿದ್ದಾಳೆ.
ಕೀಲಿಕೈ ದಾಖಲೆಯಲ್ಲಿ ದಿನಾಂಕ ಹಾಕಿ, ಎಂದಿನಂತೆ
"ಎಲ್ಲ ಬಾಗಿಲು ಭದ್ರ" ಎಂದು ಬರೆದೆ.
ಅದರ ಕೆಳಗೆ, ಯಾವ ನಿಯಮದಲ್ಲೂ ಇಲ್ಲದ ಒಂದು ಸಾಲು:
ತಪ್ಪು ನನ್ನದು, ಎಂದರು ಕೌನ್ಸಿಲರ್ ಆಕ್ಸ್‌ಟಬಿ,
ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ.