ಎಪ್ಪತ್ತೆರಡು

ಏಳು ಹಾಸಿಗೆ. ಏಳು ನಾಡಿ.
ಏಳಕ್ಕೂ ಎಪ್ಪತ್ತೆರಡು.
ಬರವಣಿಗೆ ಮುದ್ದಾಗಿದೆ, ನ್ಯಾಮಿಜಿ,
ಅಂಕಿಯ ಬಾಲ ಕೂಡ ಒಂದೇ ಅಳತೆಗೆ ಬಾಗಿದೆ.
ದೇವರಿಗೂ ಏಳು ಜನರನ್ನು ಹೀಗೆ
ಒಂದೇ ತಾಳಕ್ಕೆ ಕೂರಿಸಲು ಬಾರದು.

ಬೆಳಗಿನ ಆರು. ಮ್ವಾಂಜಾದ ಬಂಡೆಗಳ ನೆತ್ತಿಗೆ
ಬಿಸಿಲು ಇನ್ನೂ ಹತ್ತಿಲ್ಲ.
ಕಿಟಕಿಯಾಚೆ, ಕೆರೆಯೆಂದರೆ ಮುನಿಸಿಕೊಳ್ಳುವ,
ಕಡಲೆನ್ನೋಣವೆಂದರೆ ಉಪ್ಪಿಲ್ಲದ ಆ ನೀರು.
ಇರುಳಿಡೀ ದೀಪ ತೋರಿಸಿ ಸಣ್ಣಮೀನು ಹಿಡಿದವರು
ದೀಪ ಆರಿಸಿ ದಡಕ್ಕೆ ಬರುತ್ತಿದ್ದಾರೆ.
ನೀನೂ ರಾತ್ರಿಪಾಳಿಯವಳೇ.
ಕಣ್ಣು ಕೆಂಪು. ಹೊಸ ಬೂಟು ಹಿಮ್ಮಡಿ ಕಚ್ಚಿ
ಹತ್ತಿ ತುರುಕಿಕೊಂಡಿದ್ದೀಯೆ. ಕಂಡಿದೆ ನನಗೆ.

ಬಾ, ನಾಲ್ಕನೆಯ ಹಾಸಿಗೆಗೆ.
ಇಲ್ಲಿ ನಿಲ್ಲು. ನೋಡು.
ಹೊಸ ಹಾಸು. ದಿಂಬಿನಲ್ಲಿ ತಗ್ಗಿಲ್ಲ.
ಮಿಲೆಂಬೆ ನಿನ್ನೆ ಮಧ್ಯಾಹ್ನದ ದೋಣಿಗೆ
ಮಗುವನ್ನು ಬೆನ್ನಿಗೆ ಕಟ್ಟಿಕೊಂಡು
ಉಕೆರೆವೆ ದ್ವೀಪಕ್ಕೆ ಹೊರಟುಹೋದಳು.
ರಾತ್ರಿ ಎರಡಕ್ಕೆ ನೀನು
ಯಾರ ಕೈ ಹಿಡಿದಿದ್ದೆ?

ಅಳಬೇಡ.
(ನನಗೆ ನಗುವೇ ಬಂತು, ಸುಳ್ಳೇಕೆ.
ಬರಿಯ ಹಾಸಿಗೆಗೆ ಜೀವ ಬರಿಸಿದೆ ನೀನು,
ನಮ್ಮ ಡಾಕ್ಟರಿಗೂ ಒಲಿಯದ ವಿದ್ಯೆ.)

ಬಿಳಿ ಬಳಿದು ಮುಚ್ಚಬೇಡ. ಹಾಳೆ ಹರಿಯಬೇಡ.
ಒಂದೇ ಗೆರೆ ಎಳೆ,
ಕೆಳಗಿನ ಸುಳ್ಳು ಓದಲು ಸಿಗುವಂತೆ.
ಪಕ್ಕದಲ್ಲಿ ತಾರೀಖು, ವೇಳೆ, ನಿನ್ನ ಹೆಸರು.
ಪೂರ್ತಿ ಹೆಸರು.
ಮೇಟ್ರನ್‌ಗೆ ನಾನು ಹೇಳಲೇಬೇಕು.
ಅದಕ್ಕೂ ಮೊದಲು ನೀನೇ ಹೋಗಿ ಹೇಳಿದರೆ
ಮಾತು ಇನ್ನೂ ನಿನ್ನದಾಗಿರುತ್ತದೆ.

ಮೊನ್ನೆ ಮೀನುಪೇಟೆಯಲ್ಲಿ ನಿನ್ನ ಚಿಕ್ಕಮ್ಮ
ಒಣಮೀನು ಡಬ್ಬಿಯಲ್ಲಿ ಅಳೆದು, ಮೇಲೊಂದು ಹಿಡಿ ಸುರಿದು,
"ಆರನೇ ಹಾಸಿಗೆಯವಳಿಗೆ ಏನಂತೆ? ಅದೇ ರೋಗವಂತಾ?"
ಎಂದು ಕೇಳಿದಾಗ, ನೀನು
ಆ ಮೇಲಿನ ಹಿಡಿಯನ್ನು ಬುಟ್ಟಿಗೇ ಮರಳಿಸಿ
"ದರ ಎಷ್ಟಾಯ್ತು, ಚಿಕ್ಕಮ್ಮ?" ಎಂದೆಯಂತೆ.
ನನ್ನ ಕಿವಿಗೂ ಬಿತ್ತು. ಪೇಟೆಗೆ ಬಾಯಿದೆಯಲ್ಲ.
ಆವತ್ತು ಪುಸ್ತಕ ತೆರೆದು ನೋಡಲು ನಿನಗೆ ಹೊತ್ತೆಲ್ಲಿತ್ತು?
ಅದೇ ಹುಡುಗಿ, ಐದೇ ದಿನಕ್ಕೆ...

"ನಿದ್ದೆ ಬಂದಿತ್ತು, ಸಿಸ್ಟರ್."
ನಂಬುತ್ತೇನೆ.
ಇಲ್ಲಿ ನಾನು ಕಂಡ ಸುಳ್ಳುಗಳಲ್ಲಿ
ಕೇಡಿನ ಹೊಟ್ಟೆಯಲ್ಲಿ ಹುಟ್ಟಿದ್ದು ಕಡಿಮೆ.
ನಿದ್ದೆಗೇ ಮಕ್ಕಳು ಜಾಸ್ತಿ.

ಬಾ, ಐದಕ್ಕೆ. ಹೋಲೊ ಅಜ್ಜಿ ಎಚ್ಚರವಿದ್ದಾಳೆ.
ಮೊದಲು ಕೇಳು, "ಕೈ ಕೊಡುತ್ತೀಯಾ, ಅಜ್ಜಿ?"
ಅದು ಅವಳ ಕೈ, ವಾರ್ಡಿನ ಸಾಮಾನಲ್ಲ.
ಹೆಬ್ಬೆರಳು ತೆಗೆ. ಅದಕ್ಕೆ ತನ್ನದೇ ಬಡಿತವಿದೆ,
ನಿನ್ನನ್ನೇ ನೀನು ಎಣಿಸಿಕೊಂಡು ಬಂದುಬಿಡುತ್ತೀಯೆ.
ಮೂರು ಬೆರಳು, ಮೆತ್ತಗೆ.
ಎದೆಗೆ ಚುಚ್ಚಿಕೊಂಡ ಗಡಿಯಾರದ ಮೇಲೆ ಕಣ್ಣು.
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ
ಜಾಣತನ ಇನ್ನೊಂದು ದಿನಕ್ಕಿರಲಿ.
ಪೂರ್ತಿ ಅರವತ್ತು.

ಅಜ್ಜಿ ನಿನ್ನ ಮುಖ ನೋಡುತ್ತಿದ್ದಾಳೆ.
ನಿನ್ನ ತುಟಿ ಅಲುಗುತ್ತಿದೆ.
ಯಾರದೋ ಕೆಮ್ಮು. ಬಕೆಟ್ಟಿನ ಸದ್ದು.

"ತೊಂಬತ್ತಾರು. ನಡುವೆ ಎರಡು ಕಡೆ
ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ."
ಕೊಡು ಇಲ್ಲಿ. ನಾನೂ ಹಿಡಿದೆ.
ಹೌದು, ತಪ್ಪುತ್ತಿದೆ.
ಓಡು, ಡಾಕ್ಟರನ್ನು ಎಬ್ಬಿಸು.
ಬೈದರೆ ಬೈಸಿಕೊಂಡು, ಕರೆದುಕೊಂಡೇ ಬಾ.

ನಿನ್ನ ಕುಂಟು ಹೆಜ್ಜೆ ಪಡಸಾಲೆಯುದ್ದಕ್ಕೂ ಕೇಳುತ್ತಿದೆ.
ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಿಲ್ಲ.

ಇಪ್ಪತ್ತಾರು ವರ್ಷದ ಕೆಳಗೆ, ಇದೇ ವಾರ್ಡು,
ನಾನು ಬರೆದ ಅಂಕಿ ಎಪ್ಪತ್ತಾರು.
ನನ್ನನ್ನು ಯಾರೂ ಹಾಸಿಗೆಯ ಬಳಿಗೆ ಕರೆಯಲಿಲ್ಲ.
ಆ ಹಾಸಿಗೆ ಬರಿದಾಗಿರಲಿಲ್ಲ, ನ್ಯಾಮಿಜಿ.
ನಿನಗದನ್ನು ಹೇಳುತ್ತೇನೆ.
ಈಗಲ್ಲ,
ನೀನು ಹೋಗಿ, ಬೂಟು ಕಳಚಿ,
ಚೆನ್ನಾಗಿ ನಿದ್ದೆ ಮಾಡಿ ಬಂದ ಮೇಲೆ.